ಅತ್ತೆಗೆಂದು ಬಿಟ್ಟಿದ್ದ ಜಾಗ

ದಸರಾ ರಜೆಗೆ ಬಂದ ಮಗಳು ಲ್ಯಾಪ್‌ಟಾಪಿನಲ್ಲಿ ಹಳೇ ಕಪ್ಪು-ಬಿಳುಪು ಇಂಗ್ಲಿಷ್ ಸಿನಿಮಾ ಹಾಕಿಕೊಂಡಿದ್ದು ತಾನೊಬ್ಬಳೇ ನೋಡಲು. ಮೈಸೂರಿನಲ್ಲಿ ಡಾಕ್ಟರಿಕೆ ಓದಲು ಸೇರಿದ ವರ್ಷ ಅದು. ಆದರೆ ನಮ್ಮ ಮನೆಯಲ್ಲಿ ಒಬ್ಬರೇ ಏನಾದರೂ ನೋಡಲು ಅತ್ತೆ ಬಿಟ್ಟರೆ ತಾನೇ? ಜಗಲಿಯಲ್ಲಿ ಹೊಗೆಸೊಪ್ಪು ವಿಂಗಡಿಸುತ್ತಿದ್ದವರು ಸೊಪ್ಪಿನ ರಾಶಿ ಸಮೇತ ಒಳಗೆ ಬಂದು ಕೂತರು. ನಾನೂ ಬಂದೆ. ಸುಳ್ಳು ಯಾಕೆ ಹೇಳಲಿ, ಕೆಲಸ ತಪ್ಪಿಸಿಕೊಳ್ಳಲು ನನಗೂ ಒಂದು ನೆಪ ಬೇಕಿತ್ತು.

ಅದರಲ್ಲಿ ಗಾಡಿ ಹೊಡೆಯುವವನೊಬ್ಬ ಗೋರಿ ಅಗೆದು, ಹೆಣ ಕದ್ದು ಡಾಕ್ಟರಿಗೆ ಮಾರುತ್ತಾನೆ. ಡಾಕ್ಟರು ಅದನ್ನು ಕುಯ್ದು ಹುಡುಗರಿಗೆ ಪಾಠ ಹೇಳುತ್ತಾರೆ. ಮಗಳು ಕನ್ನಡದಲ್ಲಿ ಹೇಳುತ್ತಾ ಹೋದಳು. ನಾನಂತೂ ಹೆದರಿ ಸೆರಗಿನಿಂದ ಮುಖ ಮುಚ್ಚಿಕೊಂಡೆ. ಅತ್ತೆಗೆ ಹೆದರಿಕೆಯಲ್ಲ, ಸಿಟ್ಟು. ಇವನ ಮನೆ ಹಾಳಾಗ, ಮಲಗಿದ್ದವರನ್ನು ಎಬ್ಬಿಸುತ್ತಾನಲ್ಲ ಎಂದು ಗಾಡಿಯವನಿಗೆ ಶಾಪ ಹಾಕಿದರು.

ಸಿನಿಮಾ ಮುಗಿದ ಮೇಲೆ, ನಿಮ್ಮ ಕಾಲೇಜಿಗೆ ಯಾರು ಕದ್ದು ತರುತ್ತಾರೆ ಎಂದು ಮೊಮ್ಮಗಳನ್ನು ಕೇಳಿದರು. ಈಗ ಯಾರೂ ಕದಿಯುವುದಿಲ್ಲ, ಜನರೇ ತಮ್ಮ ದೇಹ ಬರೆದುಕೊಟ್ಟು ಸಾಯುತ್ತಾರೆ, ಮೊದಲ ದಿನ ನಾವೆಲ್ಲ ಅವರಿಗೆ ಕೈ ಮುಗಿದೇ ಪಾಠ ಶುರು ಮಾಡಿದ್ದು ಎಂದಳು ಮಗಳು. ಅತ್ತೆ ಆಮೇಲೆ ಸೊಪ್ಪು ವಿಂಗಡಿಸಿದ್ದು ಅಷ್ಟಕ್ಕಷ್ಟೇ.

ನಮ್ಮ ಯಜಮಾನರು ಹೊಲದಿಂದ ಬಂದು ಮುದ್ದೆ ಮುರಿಯುತ್ತಿದ್ದಾಗ ಅತ್ತೆ ನಿಧಾನಕ್ಕೆ ಹೇಳಿದರು. "ನನ್ನ ಮಣ್ಣಿಗ್ ಆಕಬ್ಯಾಡ ಕಣಪ್ಪ. ಆ ಮಕ್ಳ ಕಾಲೇಜಿಗೆ ಕೊಟ್ಬುಡು."

ಯಜಮಾನರ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ನಮ್ಮ ಕಡೆ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡಿ, ಆ ಮಣ್ಣಿನ ಗುಡ್ಡೆಗೆ ಹಾಲು-ತುಪ್ಪ ಬಿಡುತ್ತೇವೆ. ಮಾವನವರ ಗುಡ್ಡೆ ಬದುವಿನ ಪಕ್ಕದಲ್ಲಿದೆ, ಅದರ ಮಗ್ಗುಲಲ್ಲಿ ಅತ್ತೆಗೆಂದು ಒಂದು ಜಾಗ. ಉಳುವಾಗ ಅಲ್ಲಿಗೆ ಬಂದರೆ ನಮ್ಮ ಟಿಲ್ಲರ್ ಸುತ್ತು ಹಾಕಿಕೊಂಡು ಹೋಗುತ್ತಿತ್ತು. ಅಪ್ಪನ ಪಕ್ಕದಲ್ಲಿ ಅವ್ವ ಮಲಗುತ್ತಾಳೆ ಅನ್ನುವುದು ಯಜಮಾನರಿಗೆ ದೊಡ್ಡ ಧೈರ್ಯ.

"ಮೂರನೇ ದಿನ ಹಾಲು-ತುಪ್ಪ ಎಲ್ಲಿಗ್ ಬುಡ್ಲಿ ಅವ್ವ? ಕಾಲೇಜಿನ ಗೇಟಿಗಾ?" ಎಂದು ಕೇಳಿ, ಅರ್ಧಕ್ಕೇ ಎದ್ದು ಕೈ ತೊಳೆದರು. ಮಗಳು ಸಿನಿಮಾ ಹಾಕಿದ್ದೇ ತಪ್ಪಾಯಿತೆಂದು ಅತ್ತಳು. ಅವ್ವ ಮಗ ಮಾತು ಬಿಟ್ಟರು, ನಡುವೆ ಕಾಫಿ ಲೋಟ ಹಿಡಿದು ಓಡಾಡಿ ನನಗೆ ಸಾಕುಬೇಕಾಯಿತು.

ಕೊನೆಗೆ ಒಂದು ಬೆಳಿಗ್ಗೆ ಅತ್ತೆಯೇ ಮಗನ ಪಕ್ಕ ಹೋಗಿ ಕೂತರು.

"ನನ್ ಪಾಲಿನ್ ಹಾಲು-ತುಪ್ಪನೂ ನಿಮ್ಮಪ್ಪನ ಗುಡ್ಡೆಗೇ ಬುಡು ಕಣ್ಲಾ. ಬದುಕಿದ್ದಾಗ್ಲೂ ನನ್ ಲೋಟದ್ ಕೆನೆ ಅವ್ರೇ ತಿಂತಿದ್ದುದು."

ಯಜಮಾನರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಟವೆಲಿನಿಂದ ಕಣ್ಣೊರೆಸಿಕೊಂಡರು. ಆಗಲಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮೊಮ್ಮಗಳಿಗೆ ಮಾತ್ರ ಅತ್ತೆ ಒಂದು ಮಾತು ಕೊಟ್ಟರು: ನೀನು ಓದು ಮುಗಿಸಿ ಆಚೆ ಬರುವ ತನಕ ನಾನು ಆ ಕಡೆ ತಲೆ ಹಾಕುವುದಿಲ್ಲ, ನಿನ್ನ ಕೈಗೆ ನಾನು ಸಿಗಬಾರದು.

ಮುಂದಿನ ಮಳೆಗಾಲ ಹೊಲ ಉಳುವಾಗ ನಾನು ಊಟ ತೆಗೆದುಕೊಂಡು ಹೋಗಿದ್ದೆ. ಆ ಜಾಗದ ಹತ್ತಿರ ಬಂದ ಯಜಮಾನರು ಟಿಲ್ಲರ್ ನಿಲ್ಲಿಸಿ ಬದುವಿನ ಮೇಲೆ ನಿಂತಿದ್ದ ಅವ್ವನನ್ನು ನೋಡಿದರು. ಅತ್ತೆ ಹೋಗು ಎಂದು ಕೈ ಬೀಸಿದರು. ಟಿಲ್ಲರ್ ಸುತ್ತು ಹಾಕಲಿಲ್ಲ, ನೆಟ್ಟಗೆ ಹೋಯಿತು. ಅಲ್ಲಿಗೆ ಹೊಗೆಸೊಪ್ಪು ಬೇಡ, ಅವರೆಕಾಯಿ ಹಾಕು ಎಂದರು ಅತ್ತೆ.

ಕಾಯಿ ಚೆನ್ನಾಗಿ ಬಿಟ್ಟಿತು. ಮೊದಲ ಕೊಯ್ಲನ್ನು ಅತ್ತೆ ತಾವೇ ಚೀಲಕ್ಕೆ ತುಂಬಿ ಮೈಸೂರಿಗೆ ಹೊರಟ ಮೊಮ್ಮಗಳ ಕೈಗೆ ಕೊಟ್ಟರು.

"ನನ್ ಜಾಗದ್ ಕಾಯಿ ಕಣವ್ವ. ನಿಮ್ ಮೇಷ್ಟ್ರುಗೂ ಕೊಡು, ನಾನು ಬರೋಕ್ ಮುಂಚೆ ಒಸಿ ಪರಿಚಯ ಆಗ್ಲಿ."

ಚೀಲವನ್ನು ಬಸ್ಸಿನ ತನಕ ಹೊತ್ತುಕೊಂಡು ಹೋದವರು ನಮ್ಮ ಯಜಮಾನರೇ.