ಅಂಗಿಯ ಗುಂಡಿಗೆ ಬಂದ ಪಾಲು

ಬೈಂದೂರು ದಾಟಿ ಶಿರೂರಿನ ಕಡೆ ಹೋಗುವ ಬಸ್ಸಿನಿಂದ ನಾನು ಎಲ್ಲಿ ಇಳಿದೆನೆಂದು ಈಗ ಹೇಳಲಾರೆ. ಇಸವಿ ತೊಂಬತ್ತೆಂಟೋ ತೊಂಬತ್ತೊಂಬತ್ತೋ. ಕಿಟಕಿಯಲ್ಲಿ ಸಮುದ್ರ ಕಂಡಿತು, ಇಳಿದುಬಿಟ್ಟೆ. ನಾನು ಪಾವಗಡದ ಕಡೆಯವನು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಪುಸ್ತಕದ ಕನ್ನಡ. ಕುಂದಾಪುರದ ಲಾಡ್ಜಿಗೆ ಬಂದಾಗಿನಿಂದ ಒಂದು ವಿಚಿತ್ರ ನಡೆದಿತ್ತು. ನನ್ನ ಮಾತು ಎಲ್ಲರಿಗೂ ತಿಳಿಯುತ್ತಿತ್ತು, ಅವರದು ನನಗೆ ತಿಳಿಯುತ್ತಿರಲಿಲ್ಲ. ಅದೂ ಕನ್ನಡವೇ. ಬಾಯಿಂದ ಹೊರಡುವ ಮೊದಲೇ ಅರ್ಧ ನುಂಗಿದ ಕನ್ನಡ.

ದಂಡೆಯಲ್ಲಿ ಗಂಡಸರು, ಹೆಂಗಸರು ಎರಡು ಗುಂಪಾಗಿ ಎರಡು ಹಗ್ಗ ಎಳೆಯುತ್ತಿದ್ದರು. ಹಗ್ಗಗಳು ನೇರ ಸಮುದ್ರದೊಳಕ್ಕೆ ಹೋಗಿದ್ದವು. ದೋಣಿಯಲ್ಲಿ ಹೋಗಿ ಬಲೆ ಬಿಟ್ಟುಬಂದು ದಂಡೆಯಿಂದ ಎಳೆಯುವ ಕೈರಂಪಣಿ ಅದು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

"ಹ್ವಾಯ್! ನಿಂತ್ಕಂಡ್ ಎಂತ ಕಾಂಬುದ್? ಹಗ್ಗ ಹಿಡ್ಕಣಿ!"

ಕೂಗಿದವಳು ಐವತ್ತರ ಆಸುಪಾಸಿನ ಹೆಂಗಸು. ಮಾತು ತಿಳಿಯಲಿಲ್ಲ, ಕೈ ಹಾಕಲು ಹೇಳಿದ್ದು ತಿಳಿಯಿತು. ಆಕೆಯ ಹಿಂದೆ ನಿಂತು ಹಿಡಿದೆ. ಹಿಂದೆ ಹಿಂದೆ ನಡೆಯಬೇಕು. ಸಾಲಿನ ಕೊನೆಗೆ ಬಂದವರು ಬಿಟ್ಟು, ಓಡಿಹೋಗಿ ನೀರಿನ ಅಂಚಿನಲ್ಲಿ ಮತ್ತೆ ಹಿಡಿಯಬೇಕು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಕಾಲಿಗೆ ಗೊತ್ತಾಯಿತು.

ಎಲ್ಲರೂ ಆಕೆಯನ್ನು ಕೆಣಕುತ್ತಿದ್ದರು.

"ಅಕ್ಕಾ, ಮಾಂಜಿ ಸಿಕ್ದಿರೆ ಬಂಗ್ಡಿ ಹಾಕ್. ಅಳಿಯ ಓಡ್ಹೋತ್ನಾ?"

"ನಿನ್ ಬಾಯಿಗ್ ಹೊಯ್ಗಿ ಹಾಕ! ಸುಮ್ನೆ ಎಳಿ!"

ನನ್ನ ಹಿಂದಿದ್ದವನು ಮುಂಬೈ ಹೋಟೆಲಿನಲ್ಲಿ ದುಡಿದು ಬಂದವನು. ನನ್ನ ಮುಖ ನೋಡಿ, ವಾರ್ತೆ ಓದುವವರ ಕನ್ನಡದಲ್ಲಿ ನಿಧಾನ ಬಿಡಿಸಿ ಹೇಳಿದ: ಮಗಳ ಮದುವೆಯಾದ ಮೇಲೆ ಅಳಿಯ ಮೊದಲ ಸಲ ಊಟಕ್ಕೆ ಬರುತ್ತಿದ್ದಾನೆ, ಇವತ್ತೇ. ಮಾಂಜಿಯೆಂದರೆ ಅಗಲದ, ರುಚಿಯ ಮೀನು. ಆಕೆಗೆ ಅದೇ ಬೇಕು. ದಿನವೂ ಬೀಳುವ ಬಂಗಡೆಯನ್ನು ಅಳಿಯನ ತಟ್ಟೆಗೆ ಹೇಗೆ ಹಾಕುವುದು?

ಆಮೇಲೆ ಬಲೆ ಬಂತು. ಇಲ್ಲಿ ನನ್ನ ನೆನಪನ್ನು ನಂಬಬೇಡಿ. ಆ ಹೊತ್ತು ಸದ್ದೇ ಇರಲಿಲ್ಲವೆಂದು ನೆನಪು ಹೇಳುತ್ತದೆ. ಅಷ್ಟು ಜನ, ಅಷ್ಟು ಕಾಗೆ, ಸದ್ದಿಲ್ಲದಿರುವುದು ಸಾಧ್ಯವಿಲ್ಲ. ಆದರೆ ನೀರು ತನ್ನೊಳಗಿಂದಲೇ ಎದ್ದು ಕುದಿದದ್ದು, ಇಷ್ಟು ಹೊತ್ತು ಕಾಣದ ಯಾವುದನ್ನೋ ನಾವೆಲ್ಲ ಕೈಯಲ್ಲಿ ಹಿಡಿದಿದ್ದೆವೆಂದು ಮೈ ಜುಮ್ಮೆಂದದ್ದು ನಿಜ. ನನ್ನ ಊರಿನಲ್ಲಿ ಬಾವಿಗೆ ಹಗ್ಗ ಬಿಟ್ಟರೆ ಕೊಡ ಬರುತ್ತದೆ. ಇಲ್ಲಿ ಸಮುದ್ರವೇ ಬಂದಿತ್ತು.

ಬಲೆಯವರ ಬುಟ್ಟಿಗಳು ತುಂಬಿದ ಮೇಲೆ ಹಗ್ಗ ಎಳೆದವರಿಗೆ ಮರಳಿನ ಮೇಲೆ, ಅವರ ಮಾತಿನಲ್ಲಿ ಹೊಯ್ಗೆಯ ಮೇಲೆ, ಪಾಲು ಹಾಕಿದರು, ಸಣ್ಣ ಸಣ್ಣ ರಾಶಿ. ಎಲ್ಲದರಲ್ಲೂ ಬಂಗಡೆ. ಒಂದರ ಮೇಲೆ ಮಾತ್ರ ಒಂದು ಮಾಂಜಿ. ಎಳೆದವರೆಲ್ಲ ಒಂದೊಂದು ಗುರುತು ಕೊಡತೊಡಗಿದರು: ಚಿಪ್ಪು, ಬೀಡಿ ತುಂಡು. ಆಕೆ ತಲೆಯ ಪಿನ್ನು ಕೊಟ್ಟಳು. ಆಮೇಲೆ ಎಲ್ಲರೂ ನನ್ನನ್ನೇ ನೋಡಿದರು.

"ಎಂತಾರೂ ಕೊಡಿ ಮಾರಾಯ್ರೆ!" ಅಂದಳು ಆಕೆ.

ಎಳೆಯುವಾಗ ಸಡಿಲಾಗಿ ನೇತಾಡುತ್ತಿದ್ದ ಅಂಗಿಯ ಗುಂಡಿಯನ್ನು ಕಿತ್ತು ಕೊಟ್ಟೆ. ಅಥವಾ ಆಕೆಯೇ ಕಿತ್ತುಕೊಂಡಳು. ಯಾರ ಗುರುತು ಯಾವುದೆಂದು ಕಾಣದಂತೆ ಅಷ್ಟು ಹೊತ್ತು ಸಮುದ್ರಕ್ಕೆ ಮುಖ ಮಾಡಿ ನಿಂತಿದ್ದ ಒಬ್ಬ ಮುದುಕ ಗುರುತುಗಳನ್ನು ಕೈಯಲ್ಲಿ ಕಲಸಿ ರಾಶಿಗೊಂದರಂತೆ ಹಾಕುತ್ತ ಹೋದ.

ಮಾಂಜಿಯ ಮೇಲೆ ಬಿದ್ದದ್ದು ನನ್ನ ಗುಂಡಿ.

ಎಲ್ಲರೂ ಹೋ ಎಂದು ನಕ್ಕರು. ಆಕೆ ನಗಲಿಲ್ಲ. ಬಂಗಡೆಗಳನ್ನು ಬುಟ್ಟಿಗೆ ಹಾಕಿಕೊಳ್ಳತೊಡಗಿದಳು. ನಾನು ಮಾಂಜಿಯನ್ನು ಎತ್ತಿ ಆಕೆಯ ಬುಟ್ಟಿಗಿಟ್ಟೆ. ನಗು ನಿಂತಿತು. ಆಕೆ ಅದನ್ನು ತೆಗೆದು ನನ್ನ ರಾಶಿಯ ಮೇಲೆ ಮತ್ತೆ ಇಟ್ಟಳು.

"ಅದ್ ಆಪ್ದಲ್ಲ. ಗುರ್ತ್ ಬಿದ್ದದ್ದ್ ನಿಮ್ಗೆ."

ಲಾಡ್ಜು, ಒಲೆಯಿಲ್ಲ, ಪಾತ್ರೆಯಿಲ್ಲ ಎಂದೆಲ್ಲ ಕೈಯಲ್ಲೇ ಅಭಿನಯಿಸಿದೆ. ಆಕೆ ತನ್ನ ಬುಟ್ಟಿಯನ್ನು ತಲೆಗೇರಿಸಿಕೊಂಡಳು.

"ಹಾಂಗಾರೆ ನಿಮ್ದ್ ನೀವೇ ಹೊತ್ಕಂಡ್ ಬನ್ನಿ. ಊಟಕ್ಕೆ."

ಆಕೆ ಮುಂದೆ, ನನ್ನ ಪಾಲನ್ನು ಟವಲಿನಲ್ಲಿ ಕಟ್ಟಿಕೊಂಡು ನಾನು ಹಿಂದೆ.

ಮಧ್ಯಾಹ್ನ ಅಳಿಯ ಬಂದ. ಅವನ ಪಕ್ಕದಲ್ಲೇ ನನ್ನನ್ನು ಕೂರಿಸಿದಳು.

"ಅತ್ತೆ, ಇವ್ರ್ ಯಾರ್?"

"ನಮ್ಮೊಟ್ಟಿಗ್ ಹಗ್ಗ ಎಳ್ದರ್," ಅಂದಳು. ಅಷ್ಟೇ. ಅವನಿಗೆ ಅಷ್ಟು ಸಾಕಾಯಿತು.

ಹುರಿದ ಮಾಂಜಿಯನ್ನು ಹಿಡಿದು ಆಕೆ ಮೊದಲು ನನ್ನ ಮುಂದೆ ಬಂದು ನಿಂತಳು. ಬಡಿಸಲಿಲ್ಲ. ಕಾಯುತ್ತಿದ್ದಳು. ಮನೆಯೇ ಕಾಯುತ್ತಿತ್ತು. ಮೀನು ನನ್ನ ಪಾಲಿನದು, ಯಾರಿಗೆಂದು ನಾನೇ ಹೇಳಬೇಕು. ಅಳಿಯನ ತಟ್ಟೆಯ ಕಡೆ ಕೈ ತೋರಿಸಿದೆ.

ಇಡೀ ಮಾಂಜಿ ಅಲ್ಲಿಗೆ ಹೋಯಿತು. ಒಳಗೆ ಹೋಗಿ ಬಂದವಳು ನನ್ನ ತಟ್ಟೆಗೆ ಬಂಗಡೆ ಹಾಕಿದಳು. ಆಕೆಯ ಪಾಲಿನದು.