ಹೇಳಿಕೆ ತಪ್ಪಿದ ಓಣಿ

ಟೈಲರಕ್ಕನ ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಗುಂಡುಸೂಜಿಗಳಿರುತ್ತಿದ್ದವು. ಅವುಗಳನ್ನು ಬೀಳಿಸದೆಯೇ ಅವರು ಮಾತನಾಡುತ್ತಿದ್ದರು, ಬೈಯುತ್ತಿದ್ದರು, ನಗುತ್ತಿದ್ದರು. ನಗುವಾಗ ಸೂಜಿಗಳೆಲ್ಲ ಒಟ್ಟಿಗೆ ಮೇಲೆದ್ದು ಮತ್ತೆ ಮಲಗುತ್ತಿದ್ದವು. ಮೊನೆ ಹೊರಗೆ, ತಲೆ ಒಳಗೆ ಎಂದು ನನ್ನ ನೆನಪು. ತಂಗಿ ಒಪ್ಪುವುದಿಲ್ಲ. "ಮೊನೆ ಹೊರಗೆ ಇದ್ದಿದ್ರೆ ಅಳತೆ ತೆಗೀವಾಗ ನಮ್ಗೆಲ್ಲ ಚುಚ್ಚುತ್ತಿತ್ತು. ನಿನ್ಗೆ ಅಷ್ಟೂ ಗೊತ್ತಾಗುದಿಲ್ವಾ?" ಅನ್ನುತ್ತಾಳೆ. ಇರಬಹುದು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ನನಗೆ ಕಲಿಸಿದ್ದೇ ಕಣ್ಣಾರೆ ಕಂಡವರ ಮಾತನ್ನು ಸುಲಭಕ್ಕೆ ನಂಬಬಾರದೆಂದು. ಕಂಡವನು ನಾನೇ ಆಗಿದ್ದರೆ ಏನು ಮಾಡಬೇಕೆಂದು ಯಾರೂ ಕಲಿಸಲಿಲ್ಲ.

ನಮ್ಮ ಓಣಿಯ ಮಕ್ಕಳ ಯೂನಿಫಾರ್ಮು, ಹೆಂಗಸರ ರವಿಕೆ ಎಲ್ಲ ಅವರ ಮಿಶಿನಿನಿಂದಲೇ ಬರಬೇಕು. ನನ್ನ ಶಾಲೆಯ ಚಡ್ಡಿಗಳ ಒಳಮಡಿಕೆಯಲ್ಲಿ ಯಾವಾಗಲೂ ಎರಡು ಬೆರಳಿನಷ್ಟು ಬಟ್ಟೆ ಮಿಕ್ಕಿರುತ್ತಿತ್ತು. "ಒಳಗೆ ಬಿಟ್ಟಿದ್ದೇನೆ, ಬೆಳೀಲಿ," ಎಂದು ಅಮ್ಮನಿಗೆ ಹೇಳುತ್ತಿದ್ದರು. ನಮ್ಮೊಳಗೆ ಆಡುವುದು ತುಳು. ಅದನ್ನು ಕನ್ನಡಕ್ಕೆ ತಂದು ಬರೆಯುವಾಗಲೇ ಮಾತು ಅರ್ಧ ನನ್ನದಾಗುತ್ತದೆ, ಅರ್ಧ ಅವರದಾಗಿ ಉಳಿಯುತ್ತದೆ. ಈ ತಕರಾರು ಕೊನೆಯವರೆಗೂ ಇರುವಂಥದ್ದು.

ಓಣಿ ಇರುವುದು ಕೂಳೂರಿನಲ್ಲಿ, ನದಿಗೆ ಹತ್ತಿರ. ಹೆದ್ದಾರಿಯಿಂದ ಇಳಿದರೆ ಮೊದಲು ಓಣಿಯವರೆಲ್ಲ ಕಾಕ ಎಂದೇ ಕರೆಯುವವರ ಜೀನಸಿನ ಅಂಗಡಿ, ಪಕ್ಕದಲ್ಲೇ ಮಳೆನೀರು ಹರಿಯುವ ತೋಡು, ತೋಡಿನಾಚೆ ನಮ್ಮ ಮನೆಗಳು. ದಾಟಲು ಇದ್ದದ್ದು ಅಡ್ಡ ಮಲಗಿಸಿದ ಎರಡು ಹಳೆಯ ಕರೆಂಟು ಕಂಬಗಳು. ಅದನ್ನೇ ನಾವು ಸಂಕ ಅನ್ನುತ್ತಿದ್ದೆವು. ಸೈಕಲ್ ತಳ್ಳಿಕೊಂಡು ದಾಟಬಹುದಿತ್ತು, ಆಟೋ ಬರುವಂತಿರಲಿಲ್ಲ. ಟೈಲರಕ್ಕನ ಗಂಡನಿಗೆ ಎದೆನೋವು ಬಂದ ದಿನ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು, ಮಳೆಯಲ್ಲಿ ಜಾರುವ ಆ ಕಂಬಗಳ ಮೇಲೆ ಹೆಜ್ಜೆ ಹುಡುಕುತ್ತ ದಾಟಿಸಿದರು. ಆಂಬುಲೆನ್ಸ್ ಕಾಕನ ಅಂಗಡಿಯ ಎದುರು ಕಾಯುತ್ತಿತ್ತು. ಆಸ್ಪತ್ರೆ ಮುಟ್ಟುವಾಗ ಜೀವ ಹೋಗಿತ್ತು. ಸಂಕ ಅಗಲವಿದ್ದರೆ ಉಳಿಯುತ್ತಿದ್ದರೇ ಎಂದರೆ ಯಾವ ಡಾಕ್ಟರೂ ಹೌದೆನ್ನಲಾರ. ಟೈಲರಕ್ಕ ಕೇಳಲೂ ಇಲ್ಲ. ಆಮೇಲೆ ಸುಮಾರು ದಿನ ಅವರು ಸಂಕ ದಾಟುವಾಗ ನಡುವೆ ನಿಂತು ಕೆಳಗೆ ನೋಡುತ್ತಿದ್ದರು, ಅಷ್ಟೇ.

ಒಮ್ಮೆ ಪಾಲಿಕೆ ಚುನಾವಣೆಯಲ್ಲಿ ನಮ್ಮ ವಾರ್ಡು ಮಹಿಳೆಗೆ ಮೀಸಲಾಯಿತು. ಪಕ್ಷಗಳು ತಮ್ಮ ತಮ್ಮ ಗಂಡಸರ ಹೆಂಡತಿಯರನ್ನು ನಿಲ್ಲಿಸಿದವು. ಬ್ಯಾನರುಗಳಲ್ಲಿ ಹೆಂಡತಿಯ ಫೋಟೋಗಿಂತ ಗಂಡನದು ದೊಡ್ಡದು. ಟೈಲರಕ್ಕನಿಗೆ ಆಗ ಎಪ್ಪತ್ತರ ಹತ್ತಿರ. ಒಂದು ಬೆಳಿಗ್ಗೆ ಕಾಕನ ಅಂಗಡಿಯಲ್ಲಿ ಸಕ್ಕರೆ ಕಟ್ಟಿಸಿಕೊಳ್ಳುತ್ತ, "ಕಾಕ, ನಾನು ನಿಲ್ತೇನೆ," ಅಂದರು.

"ಎಲ್ಲಿ ನಿಲ್ಲುದು? ಸ್ಟೂಲ್ ಉಂಟಲ್ಲ, ಕೂತ್ಕೊಳ್ಳಿ," ಅಂದರು ಕಾಕ.

"ಓಟಿಗೆ ನಿಲ್ಲುದು."

ಕಾಕ ಸಕ್ಕರೆಯ ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿದರು. "ಟೈಲರಕ್ಕ, ನಿಮ್ಗೆ ಈ ವಯಸ್ಸಲ್ಲಿ ಎಂತಕ್ಕೆ ಈ ಉಪದ್ರ?"

"ಆಟೋ ಬರುವಂಥ ಒಂದು ಸಂಕ ಬೇಕು. ಕೇಳಿ ಕೇಳಿ ಬಾಯಿ ಒಣಗಿತು. ಇನ್ನು ಕೇಳುವ ಬದ್ಲು ನಾನೇ ಮಾಡಿಸ್ತೇನೆ."

"ಗೆದ್ರೆ ಸಂಕ ಅಗಲ ಮಾಡ್ಲಿಕ್ಕೆ ನನ್ನ ಅಂಗಡಿ ಒಡೀತೀರಾ?"

"ನಿಮ್ಮ ಅಂಗಡಿ ಅಲ್ಲ, ಅದರ ಮುಂದೆ ನೀವು ಹಾಕಿದ ಶೀಟು ಮಾತ್ರ."

ಚಿಹ್ನೆಗೆ ಅವರು ಹೊಲಿಗೆ ಮಿಶಿನ್ ಕೇಳಿದರು. ಅದೇ ಬೇಕೆಂದು ಇನ್ನೊಬ್ಬ ಪಕ್ಷೇತರ ಹೆಂಗಸು ಹಠ ಹಿಡಿದು, ಚೀಟಿ ಎತ್ತಿದಾಗ ಆಕೆಗೇ ಹೋಯಿತು. ಇವರಿಗೆ ಸಿಕ್ಕಿದ್ದು ಕೇರಂ ಬೋರ್ಡು. ಜನ್ಮದಲ್ಲಿ ಮುಟ್ಟದ ಆಟ. "ಇರ್ಲಿ, ಅದಕ್ಕೂ ನಾಲ್ಕು ಮೂಲೆ ಉಂಟು, ಬಟ್ಟೆ ಹಾಗೇ," ಅಂದರು.

ನಾನು ಆಗ ಪಿಎಚ್‌ಡಿ ಅರ್ಧಕ್ಕೆ ಬಿಟ್ಟು ಮನೆಯಲ್ಲಿದ್ದೆ. ಮನೆಯಲ್ಲಿ ಕೂರಲಾಗದೆ, ಕೇರಂ ಬೋರ್ಡಿನ ಚಿತ್ರವಿದ್ದ ಕರಪತ್ರದ ಕಟ್ಟು ಹಿಡಿದು ಅವರ ಜೊತೆ ತಿರುಗುತ್ತಿದ್ದೆ. ಪಕ್ಷದವರು ಗೇಟಿನಲ್ಲೇ ಕೈಮುಗಿದು, ಕಾಗದ ಕೊಟ್ಟು, ಒಂದು ಸಂಜೆಯಲ್ಲಿ ಒಂದು ಗುಡ್ಡೆಯ ಮನೆಗಳನ್ನೆಲ್ಲ ಮುಗಿಸುತ್ತಿದ್ದರು. ಟೈಲರಕ್ಕನಿಗೆ ಗೊತ್ತಿದ್ದದ್ದು ಒಂದೇ ರೀತಿ. ನಮ್ಮ ಕಡೆ ಮದುವೆಗೆ ಕರೆಯುವುದಕ್ಕೆ ಹೇಳಿಕೆ ಅನ್ನುತ್ತಾರೆ. ಕಾಗದ ಕೊಟ್ಟು ಹೋಗುವುದಲ್ಲ. ಮನೆಯೊಳಗೆ ಹೋಗಬೇಕು, ಕೂರಬೇಕು, ಕೊಟ್ಟ ನೀರು ಕುಡಿಯಬೇಕು, ಆ ಮನೆಯ ಕಷ್ಟಸುಖ ಕೇಳಬೇಕು. ಬಂದ ವಿಷಯವನ್ನು ಏಳುವಾಗ ಹೇಳಬೇಕು. ಓಟನ್ನೂ ಅವರು ಹೀಗೇ ಕೇಳಿದರು. ಒಂದೊಂದು ಮನೆಯಲ್ಲಿ ಅರ್ಧ ಗಂಟೆ. ಒಂದು ಕಡೆ ಸೊಸೆಯ ರವಿಕೆಯ ತೋಳು ಬಿಗಿಯೆಂದು ಅಲ್ಲೇ ಹೊಲಿಗೆ ಬಿಚ್ಚಿ ಕೊಟ್ಟರು. ನನಗೆ ಚಡಪಡಿಕೆ. "ಅಕ್ಕ, ಹೀಗಾದ್ರೆ ಅರ್ಧ ವಾರ್ಡೂ ಮುಗೀಲಿಕ್ಕಿಲ್ಲ," ಅಂದೆ. "ನೀರು ಕುಡೀದೆ ಎದ್ರೆ ಅವ್ರು ಎಂತ ಗ್ರಹಿಸ್ತಾರೆ ಮಾರಾಯ?" ಅಂದರು. ಬಾಯಲ್ಲಿ ಸೂಜಿಯಿಲ್ಲದೆ ಅವರ ಸ್ವರ ನನಗೆ ಬೇರೆಯೇ ಯಾರದೋ ಹಾಗೆ ಕೇಳುತ್ತಿತ್ತು.

ದೂರದವರ ಮನೆಗಳೆಲ್ಲ ಹೀಗೆ ಆದವು. ನಮ್ಮ ಓಣಿಗೆ ಮಾತ್ರ ಅವರು ಹೋಗಲಿಲ್ಲ. ಪ್ರಚಾರ ಮುಗಿಯುವ ದಿನ ಸಂಕದ ಹತ್ತಿರ ನಾನು ಕೇಳಿದೆ: "ನಮ್ಮ ಓಣಿಗೆ ಯಾವಾಗ?" ಅವರಿಗೆ ನಗು ಬಂತು. "ಓಣಿಗೆ ಎಂತದ್ದು? ಮನೆಯವ್ರಿಗೆ ಯಾರಾದ್ರೂ ಹೇಳಿಕೆ ಮಾಡ್ತಾರಾ?"

ಈ ಮಾತು ನನ್ನ ಕಿವಿಯಲ್ಲಿ ಸ್ಪಷ್ಟವಾಗಿದೆ. ಸ್ಪಷ್ಟವಾಗಿರುವುದರಿಂದಲೇ ಅನುಮಾನ. ಫಲಿತಾಂಶ ಗೊತ್ತಾದ ಮೇಲೆ, ನಾನು ಮೊದಲೇ ಎಚ್ಚರಿಸಿದ್ದೆ ಅನ್ನಿಸಿಕೊಳ್ಳಲು ನನ್ನ ತಲೆಯೇ ಈ ಪ್ರಶ್ನೆಯನ್ನು ಹಿಂದಕ್ಕೆ ಒಯ್ದು ಇಟ್ಟಿತೋ ಏನೋ. ಆದರೆ ಅವರ ಉತ್ತರ ನಾನು ಕಟ್ಟಿದ್ದಿರಲಾರದು. ಓಣಿ ಅಂದರೆ ತನ್ನ ಮನೆಯ ಒಳಗು ಎಂದು ಯೋಚಿಸುವಷ್ಟು ವಿಶ್ವಾಸ ನನ್ನಲ್ಲಿ ಆಗ ಇರಲಿಲ್ಲ, ಈಗಲೂ ಇಲ್ಲ.

ಓಣಿ ಹಾಗೆ ಯೋಚಿಸಲಿಲ್ಲ. ನಮ್ಮ ಮನೆಯಲ್ಲೇ ಅಮ್ಮ ಮೀನು ತೊಳೆಯುತ್ತ, "ಆಚೆ ಗುಡ್ಡೆಗೆ ಹೋಗ್ಲಿಕ್ಕೆ ಪುರುಸೊತ್ತು ಉಂಟು. ಪಕ್ಕದ ಮನೆಗೆ ಕಾಲು ಬರುದಿಲ್ಲ," ಅಂದರು.

"ನೀನೇ ಅಲ್ವಾ ಅವ್ರಿಗೆ ದಿನಾ ಸಾರು ಕಳಿಸುದು? ಪುನಃ ಎಂತ ಹೇಳಿಕೆ?"

"ಸಾರು ಬೇರೆ, ಹೇಳಿಕೆ ಬೇರೆ. ಮದುವೆಗೆ ನೆರೆಮನೆಗೆ ಹೇಳದೆ ಊರಿಗೆಲ್ಲ ಹೇಳಿದ್ರೆ ನೀನು ಹೋಗ್ತೀಯಾ?"

ಟೈಲರಕ್ಕ ಸೋತರು. ಸೋಲು ದೊಡ್ಡದಲ್ಲ, ಗುಡ್ಡೆಯ ಮೇಲಿನ ಬೂತುಗಳಲ್ಲಿ ಪಕ್ಷದವರು ಬೆವರುವಷ್ಟು ಓಟು ಬಿದ್ದಿತ್ತು. ನಮ್ಮ ಓಣಿಯ ಬೂತಿನಲ್ಲಿ ಮಾತ್ರ ಬೆರಳಲ್ಲಿ ಎಣಿಸುವಷ್ಟು. ಬೂತುವಾರು ಲೆಕ್ಕ ತಂದು ಓದಿದ್ದು ಕಾಕ, ಅಂಗಡಿಯ ಎದುರು, ಮೊಬೈಲಿನಲ್ಲಿ. ಟೈಲರಕ್ಕ ಅದೇ ಸ್ಟೂಲಿನಲ್ಲಿ ಕೂತಿದ್ದರು. ಇನ್ನೊಮ್ಮೆ ಓದಲು ಹೇಳಿದರು. ಕಾಕ ಓದಿದರು. ಅವರು ಸೆರಗಿನ ತುದಿಯಲ್ಲಿ ಚುಚ್ಚಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು ತುಟಿಗಿಟ್ಟುಕೊಂಡು ಮನೆಗೆ ನಡೆದರು. ಆ ದಿನ ಅವರ ಮಿಶಿನಿನ ಸದ್ದು ಕೇಳಲಿಲ್ಲ. ನಾನೂ ಹೋಗಿ ಮಾತಾಡಿಸಲಿಲ್ಲ. ಹೋಗಿ ಏನು ಹೇಳುವುದು? ನನ್ನ ಮನೆಯ ಮೂರು ಓಟುಗಳಲ್ಲಿ ಎಷ್ಟು ಅವರಿಗೆ ಬಿದ್ದಿದ್ದವೆಂದು ನನಗೇ ಗೊತ್ತಿರಲಿಲ್ಲ. ಇವತ್ತಿಗೂ ಅಮ್ಮ ಬಾಯಿ ಬಿಟ್ಟಿಲ್ಲ.

ಮರುದಿನ ಬೆಳಿಗ್ಗೆ ಟೈಲರಕ್ಕ ಮದುವೆಮನೆಗಳಿಗೆ ಉಡುವ ರೇಷ್ಮೆ ಸೀರೆ ಉಟ್ಟು ಓಣಿಗೆ ಇಳಿದರು. ಮನೆಯಿಂದ ಮನೆಗೆ. ಕೂತರು, ನೀರು ಕುಡಿದರು, ಸುಖದುಃಖ ಕೇಳಿದರು. ಏಳುವಾಗ, "ಮೊದ್ಲು ಇಲ್ಲಿಗೇ ಬರ್ಬೇಕಿತ್ತು. ನಮ್ಮವ್ರು ಅಂತ ಗ್ರಹಿಸಿ ಬರ್ಲಿಲ್ಲ. ತಪ್ಪಾಯ್ತು," ಅಂದರು. ಕೇಳಲು ಇನ್ನು ಓಟಿರಲಿಲ್ಲ. ಜನರಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಕಾಕ ಮಾತ್ರ ಅಂಗಡಿಯಿಂದಲೇ ಕೂಗಿದರು: "ಸೋತ ಮೇಲೆ ಪ್ರಚಾರಕ್ಕೆ ಹೊರಟವ್ರನ್ನು ನಾನು ಇಲ್ಲಿವರೆಗೆ ನೋಡ್ಲಿಲ್ಲ ಟೈಲರಕ್ಕ."

"ನಿಮ್ಮ ಸರದಿ ಬರ್ತದೆ, ನೀರು ತಯಾರು ಮಾಡಿ," ಅಂದರು ಅವರು.

ಆ ತಿರುಗಾಟದ ಕೊನೆಗೆ ಅವರು ಎಲ್ಲರಿಗೂ ಇನ್ನೊಂದು ವಿಷಯವನ್ನೂ ಹೇಳಿ ಬಂದಿದ್ದರು. ಭಾನುವಾರ ಗೆದ್ದವಳ ಮನೆಗೆ ಹೋಗುವುದು, ಸಂಕ ಕೇಳುವುದು, ಎಲ್ಲರೂ ಬರಬೇಕು. ಎಲ್ಲರೂ ಬಂದರು, ಅಮ್ಮನೂ. ಗೆದ್ದವಳ ಗಂಡ ಅಂಗಳದ ತುಂಬ ನಿಂತ ತಲೆಗಳನ್ನು ನೋಡಿ, ಸೋತವಳಿಗೆ ಇಷ್ಟು ಜನವೇ ಎಂದು ಗಾಬರಿಗೊಂಡ ಹಾಗಿತ್ತು. ಮುಂದಿನ ಬೇಸಿಗೆಯಲ್ಲಿ ಕೆಲಸ ಶುರುವಾಯಿತು. ಅಳತೆ ತೆಗೆಯಲು ಬಂದ ಇಂಜಿನಿಯರನ ಟೇಪಿನ ಇನ್ನೊಂದು ತುದಿಯನ್ನು ಟೈಲರಕ್ಕನೇ ಹಿಡಿದಿದ್ದರು. "ಸ್ವಲ್ಪ ಬಿಟ್ಟು ಮಾಡಿ ಸರ್. ಓಣಿ ಬೆಳೀಲಿಕ್ಕುಂಟು," ಅಂದರಂತೆ. ಈ ಮಾತು ಕೇಳಿದವನು ನಾನಲ್ಲ, ಕಾಕ. ಹಾಗಾಗಿ ನಂಬಬಹುದು.

ಟೈಲರಕ್ಕ ತೀರಿಕೊಂಡಿದ್ದು ಕಳೆದ ಮಳೆಗಾಲದಲ್ಲಿ, ಆಸ್ಪತ್ರೆಯಲ್ಲಿ. ದೇಹ ತಂದ ಆಂಬುಲೆನ್ಸ್ ಆ ಹೊಸ ಸಂಕ ದಾಟಿ ಅಂಗಳದವರೆಗೂ ಬಂತು. ಸಾವಿಗೆ ಯಾರೂ ಯಾರನ್ನೂ ಕರೆಯುವುದಿಲ್ಲ. ಓಣಿಗೆ ಓಣಿಯೇ ಆಗಲೇ ಅಲ್ಲಿತ್ತು. ಕಾಕ ಅಂಗಡಿಯ ಶಟರ್ ಎಳೆದು ಬಂದು ತೆಂಗಿನ ಬುಡದಲ್ಲಿ ನಿಂತಿದ್ದರು.

ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಮಾತ್ರ ಹೇಳಿಕೆ ಆಗಲೇಬೇಕು. ದುಬೈಯಿಂದ ಬಂದ ಟೈಲರಕ್ಕನ ಮಗ ಕಾಗದದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಲು ಹೊರಟಿದ್ದ. ನಾನು ಅವನ ಫೋನು ಹಿಡಿದುಕೊಂಡೆ. "ಬೇಡ ಮಾರಾಯ, ನಡಿ, ಹೋಗಿ ಬರುವ."

"ನನಗೆ ಈಗ ಮನೆಗಳೇ ಸರಿ ಗೊತ್ತಿಲ್ಲ," ಅಂದ.

"ನನಗೆ ಗೊತ್ತುಂಟು. ಮೊದ್ಲು ಓಣಿ."

ಒಂದೊಂದು ಮನೆಯಲ್ಲೂ ಕೂತೆವು, ನೀರು ಕುಡಿದೆವು. ಏಳುವ ಮೊದಲು ಎಲ್ಲರೂ ಆ ಬೆಳಗಿನ ಮಾತು ತೆಗೆದರು, ಅವರು ಸೋತ ಮರುದಿನದ್ದು. ಮೂಲೆಮನೆಯವರು, "ನಮ್ಮಲ್ಲಿಗೇ ಅವ್ರು ಮೊದ್ಲು ಬಂದದ್ದು," ಅಂದರು. ಅದರ ಪಕ್ಕದವರೂ ಹಾಗೇ ಅಂದರು. ಬಾವಿಯ ಹತ್ತಿರದ ಮನೆಯಾಕೆ, ಮೊದಲು ತನ್ನ ಮನೆಗೆ ಬಂದಾಗ ಇನ್ನೂ ಅಂಗಳ ಗುಡಿಸಿರಲಿಲ್ಲವೆಂದು ಗುರುತು ಸಹಿತ ಹೇಳಿದರು. ದಾರಿಯಲ್ಲಿ ಸಿಕ್ಕಿದ ಕಾಕನಂತೂ ತನ್ನ ಅಂಗಡಿಯೇ ಮೊದಲೆಂದು ವಾದಿಸಿದರು, ಟೈಲರಕ್ಕ ಇನ್ನೂ ಓಣಿಯಲ್ಲಿರುವಾಗ ಅವರು ಅಂಗಡಿಯಿಂದ ಕೂಗಿದ್ದು ನನಗೆ ಚೆನ್ನಾಗಿ ನೆನಪಿದ್ದರೂ. ಬೇರೆ ದಿನವಾಗಿದ್ದರೆ ಸಾಕ್ಷಿಗಳನ್ನು ಎದುರುಬದುರು ನಿಲ್ಲಿಸುತ್ತಿದ್ದೆ. ಆ ದಿನ ಎಲ್ಲರಿಗೂ ಹೌದೆಂದೆ.

ಓಣಿ ಮುಗಿಯಿತೆಂದು ಗುಡ್ಡೆಯ ಕಡೆಗೆ ಹೊರಟಿದ್ದೆವು. ಸಂಕದ ಮೇಲೆ ಕಾಲಿಡುವಾಗ ಹಿಂದಿನಿಂದ ಅಮ್ಮನ ಸ್ವರ ಬಂತು. ನಮ್ಮ ಮನೆಯ ಗೇಟು ಹಿಡಿದು ನಿಂತಿದ್ದರು.

"ನಮ್ಗೆ ಹೇಳ್ಲಿಕ್ಕಿಲ್ವಾ?"

ಟೈಲರಕ್ಕನ ಮಗ ನನ್ನ ಮುಖ ನೋಡಿದ. ನಾವು ವಾಪಸು ಬಂದು ನಮ್ಮ ಮನೆಯ ಜಗಲಿಯಲ್ಲಿ ಕೂತೆವು, ಇಬ್ಬರೂ ಹೊರಗಿನವರ ಹಾಗೆ. ಅಮ್ಮ ಒಳಗೆ ಹೋಗಿ ಎರಡು ಲೋಟ ನೀರು ತಂದು ಎದುರಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕಾದು ನಿಂತರು. ನಾನು ನೀರು ಪೂರ್ತಿ ಕುಡಿದೆ. ಎದ್ದು ನಿಂತು, ಸ್ವಂತ ತಾಯಿಗೆ, ಯಾವ ದಿನ, ಎಲ್ಲಿ, ಎಷ್ಟು ಹೊತ್ತಿಗೆ ಊಟ ಎಂಬುದನ್ನೆಲ್ಲ ಮೊದಲಿನಿಂದ ಹೇಳಿದೆ.

"ಬರ್ತೇನೆ," ಅಂದರು ಅಮ್ಮ. ಆಮೇಲೆ ಲೋಟಗಳನ್ನು ಎತ್ತಿಕೊಳ್ಳುತ್ತ, "ಅವ್ರು ಆ ದಿನ ಮೊದ್ಲು ಬಂದದ್ದು ಇಲ್ಲಿಗೇ," ಅಂದರು.