ಎಪ್ಪತ್ತೆರಡು ಕುರ್ಚಿಗಳ ಮಾವ

ನಮ್ಮ ಸೋದರಮಾವ ಬಡಗಿ. ಆದರೆ ಮೂವತ್ತೊಂದು ವರ್ಷದಿಂದ ಹೊಸದಾಗಿ ಒಂದು ಸ್ಟೂಲನ್ನೂ ಮಾಡಿದವರಲ್ಲ. ಸಿಂಫನಿ, ವಯಲಿನ್ ಕಾನ್ಸರ್ಟೊ ಮುಂತಾದ ಪಾಶ್ಚಾತ್ಯ ಸಂಗೀತವನ್ನು ರೆಕಾರ್ಡ್ ಮಾಡುವ ಸಭಾಂಗಣದಲ್ಲಿ ವಾದಕರು ಕೂರುವ ಎಪ್ಪತ್ತೆರಡು ಮರದ ಕುರ್ಚಿಗಳ ಬಾಯಿ ಮುಚ್ಚಿಸುವುದು ಅವರ ಕೆಲಸ. ಪ್ರತಿ ರೆಕಾರ್ಡಿಂಗ್‌ನ ಹಿಂದಿನ ದಿನ ಒಂದೊಂದರ ಮೇಲೂ ಕೂತು, ಮುಂದೆ ಬಗ್ಗಿ, ಪಕ್ಕಕ್ಕೆ ವಾಲಿ ನೋಡುತ್ತಾರೆ. ಕಿರ್ ಅಂದರೆ ಸಂದಿಗೆ ಜೇನುಮೇಣ.

ಹೊಸ ಡಿಸ್ಕ್ ಬಂದಾಗ ಮನೆಗೆ ತಂದು, ಕಣ್ಣು ಮುಚ್ಚಿ ಪೂರ್ತಿ ಕೇಳುತ್ತಾರೆ.

"ಹೇಗಿತ್ತು ರೀ ಪಿಟೀಲು?" ಅಂತ ಅತ್ತೆ ಕೇಳಿದರೆ, "ಹದಿನೇಳನೇ ಕುರ್ಚಿ ಒಂದು ಮಾತೂ ಆಡಲಿಲ್ಲ ಕಣೇ" ಅನ್ನುತ್ತಾರೆ.

"ಊರಿಗೆಲ್ಲ ಮೇಣ ಹಚ್ತೀರಿ. ನೀವು ಕೂತಿರೋ ಕುರ್ಚಿ ಮಾತ್ರ ಅಳ್ತಾನೇ ಇರುತ್ತೆ."

ಎರಡು ಡಿಗ್ರಿ ಹಿಡಿದು ಎಲ್ಲೂ ಸಲ್ಲದ ನನ್ನನ್ನು ಆ ಸಭಾಂಗಣದ ಕೆಲಸಕ್ಕೆ ಸೇರಿಸಿದವರೂ ಮಾವನೇ. ರೆಕಾರ್ಡಿಂಗ್‌ನ ಕೆಂಪು ದೀಪ ಉರಿಯುವಷ್ಟು ಹೊತ್ತು ಬಾಗಿಲ ಒಳಗಡೆ ಅಲ್ಲಾಡದೆ ನಿಂತು, ಯಾರನ್ನೂ ಒಳಗೆ ಬಿಡದಿರುವುದು ನನ್ನ ಹುದ್ದೆ. ಅಂದರೆ ಏನೂ ಮಾಡದಿರುವುದಕ್ಕೆ ಸಂಬಳ. ಬಾಲ್ಯದಿಂದಲೂ ಅಭ್ಯಾಸವಿದ್ದ ಕೆಲಸವೇ. ಬಾಗಿಲಲ್ಲಿ ನಿಲ್ಲುವವನಿಗೂ ಗತ್ತು ಬೇಡವೇ ಅಂತ ಮೊದಲ ಸಂಬಳದಲ್ಲಿ ಹೊಸ ಬೂಟು ಕೊಂಡೆ.

ಆರು ತಿಂಗಳ ಹಿಂದೆ ಒಂದು ಕಾನ್ಸರ್ಟೊ ರೆಕಾರ್ಡ್ ಆಯಿತು. ಮಾರನೆಯ ದಿನ ರೆಕಾರ್ಡಿಂಗ್ ಮೇಡಂ ಮಾವನನ್ನು ಕರೆದು ಹೆಡ್‌ಫೋನ್ ಕೊಟ್ಟರು. ಎರಡನೆಯ ಭಾಗದಲ್ಲಿ, ವಾದ್ಯವೃಂದವೆಲ್ಲ ಸುಮ್ಮನಾಗಿ ಒಂಟಿ ಪಿಟೀಲು ಇನ್ನೇನು ಆರಿಹೋಗುತ್ತದೆ ಅನ್ನುವ ಜಾಗದಲ್ಲಿ, ಕಿರ್.

"ಆ ಎರಡು ಸೆಕೆಂಡ್ ಬೇರೆ ಟೇಕ್‌ನಿಂದ ತಂದು ಜೋಡಿಸ್ತೀನಿ. ಆದರೆ ಮುಂದಿನ ವಾರದ ಸಿಂಫನಿಗೆ ಈ ಕುರ್ಚಿಗಳನ್ನ ನಂಬೋದು ಹೇಗೆ? ಯಾವುದು ಅಂತ ಸಂಜೆಯೊಳಗೆ ಹೇಳಿ. ಇಲ್ದಿದ್ರೆ ಎಲ್ಲಾ ತೆಗೆದು ಕಬ್ಬಿಣದವು ತರಿಸ್ತಾರೆ."

ಕಬ್ಬಿಣದ ಕುರ್ಚಿಗೆ ಮಾವ ಯಾಕೆ ಬೇಕು?

ಅವರು ಆ ಕಿರ್ ಅನ್ನು ಹನ್ನೊಂದು ಸಲ ಕೇಳಿದರು. ಕೋಪವಿಲ್ಲ, ಗಾಬರಿಯಿಲ್ಲ, ಪರಿಚಯವಿಲ್ಲದ ಹಕ್ಕಿ ಕೂಗಿದಂತೆ ಕತ್ತು ಓರೆ ಮಾಡಿ ಕೇಳಿದರು. "ನಮ್ಮವರ ದನಿ ಅಲ್ಲ ಇದು" ಅಂದು, ಒಂದರಿಂದ ಎಪ್ಪತ್ತೆರಡರವರೆಗೂ ಕೂತು ಎದ್ದರು. ನಾನು ಬಾಗಿಲ ಬಳಿ ನೆಲದ ಮೇಲೆ ಕೂತು ಪಟ್ಟಿಯಲ್ಲಿ ಒಂದೊಂದೇ ನಂಬರ್ ಹೊಡೆದುಹಾಕುತ್ತಾ, "ಐವತ್ತೆಂಟನೇದೇ ಇರಬೇಕು ಮಾವ, ಮುಖ ನೋಡಿದ್ರೇ ಗೊತ್ತಾಗುತ್ತೆ" ಅಂತ ಪತ್ತೇದಾರನಂತೆ ಸಲಹೆಯನ್ನೂ ಕೊಟ್ಟೆ.

ಕೊನೆಯದರಿಂದ ಎದ್ದು ನೀರು ಕೇಳಿದರು. ಬಾಟಲಿ ಹಿಡಿದು ಅವರ ಕಡೆ ಹೊರಟೆ.

"ನಿಲ್ಲು." ಮಾವ ತಿರುಗಲಿಲ್ಲ. "ಇನ್ನೊಂದು ಹೆಜ್ಜೆ ಇಡು."

ಇಟ್ಟೆ. ಕಿರ್.

"ಎಡಗಾಲು" ಅಂದರು.

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬೂಟು ನೋಡಿಕೊಂಡೆ.

"ಯಾಕೋ ಅಲ್ಲಾಡಿದೆ? ನಿಲ್ಲೋದೊಂದೇ ಕೆಲಸ ನಿಂದು."

"ಪಿಟೀಲು ಸಣ್ಣಗಾಗ್ತಾ ಆಗ್ತಾ... ಇನ್ನೂ ಇದೆಯಾ, ನಿಂತೇಹೋಯ್ತಾ ತಿಳೀಲಿಲ್ಲ ಮಾವ. ಕೇಳೋಣ ಅಂತ ಒಂದು ಹೆಜ್ಜೆ ಮುಂದಿಟ್ಟೆ, ಅಷ್ಟೇ."

"ಇತ್ತಾ?"

"ಏನು?"

"ಪಿಟೀಲು ಕಣೋ. ಇನ್ನೂ ಇತ್ತಾ?"

"ಇತ್ತು."

ಮಾವ ಈಗ ನನ್ನ ಕಡೆ ತಿರುಗಿದರು. "ಮೇಡಂಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

ಇಬ್ಬರೂ ಹೇಳದಿರುವ ಮೂರನೆಯ ದಾರಿಯೊಂದು ನನ್ನ ಮನಸ್ಸಿನಲ್ಲಿತ್ತು. ಅದನ್ನು ಯಾರೂ ಕೇಳಲಿಲ್ಲ. ಹೋಗಿ ಹೇಳಿದೆ. ಮೇಡಂ ಮೈಕಿನ ಮುಂದೆ ನನ್ನನ್ನು ನಡೆಸಿ, ಎರಡೂ ಕಿರ್‌ಗಳನ್ನು ಹೋಲಿಸಿ ನೋಡಿದರು. ನನ್ನ ಎಡ ಬೂಟಿಗೆ ಸಿಕ್ಕ ಮೊದಲ ಮತ್ತು ಕೊನೆಯ ಅವಕಾಶ ಅದು. ಕುರ್ಚಿಗಳು ಉಳಿದವು, ಮಾವ ಉಳಿದರು. ನಾನೂ ಉಳಿದೆ, ಕಾಲುಚೀಲದಲ್ಲಿ. ಮುಂದಿನ ವಾರದ ಸಿಂಫನಿಯನ್ನು ನನ್ನ ಹೆಬ್ಬೆರಳು ಹೊರಗಿಣುಕಿ ಪೂರ್ತಿ ಕೇಳಿತು.

ಕಾನ್ಸರ್ಟೊ ಡಿಸ್ಕ್ ಮೊನ್ನೆ ಬಂತು. ಮಾವ ಎಂದಿನಂತೆ ಕಣ್ಣು ಮುಚ್ಚಿ ಕೂತರು. ಎರಡನೆಯ ಭಾಗಕ್ಕೆ ಕಣ್ಣು ತೆರೆದರು. ಪಿಟೀಲು ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು. ಮಾವ ನಿಧಾನವಾಗಿ ಮುಂದಕ್ಕೆ ಬಗ್ಗಿದರು.

ಮನೆಯ ಕುರ್ಚಿ ಕಿರ್ ಅಂತು.

ಅತ್ತೆ ಬಾಯಿ ತೆರೆದರು. ಮಾವ ಕೈಯೆತ್ತಿ ತಡೆದರು.

"ಶ್! ಇನ್ನೂ ಇದೆ."